ನೀರು ಬಿಡುವವರ ಪಗಾರ

ಆದರೆ ಕಿಟಕಿಗಳು ಮುಚ್ಚಿದ್ದವು ಎನ್ನುವುದು ನೆನಪೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ಖಾತ್ರಿಯಿಲ್ಲ. ಆ ದಿನ ಪುರಸಭೆಯ ಸಭಾಂಗಣದಲ್ಲಿ ಉಸಿರು ಕಟ್ಟುವಂತಿತ್ತು ಎಂದು ಇಷ್ಟು ಕಾಲ ಹೇಳಿಕೊಂಡು ಬಂದಿದ್ದೇನೆ. ಉಸಿರು ಕಟ್ಟಬೇಕಾದರೆ ಕಿಟಕಿಗಳು ಮುಚ್ಚಿರಬೇಕು, ಹಾಗಾಗಿ ಮುಚ್ಚಿರಬಹುದು. ಲೆಕ್ಕದ ವಿಭಾಗದಲ್ಲಿ ಬಹಳ ವರ್ಷ ಕೂತವರಿಗೆ ಈ ಚಟ ಅಂಟಿಕೊಳ್ಳುತ್ತದೆ. ಎರಡು ಬದಿ ಹೊಂದದಿದ್ದರೆ ವ್ಯತ್ಯಾಸವನ್ನು ಅಮಾನತು ಖಾತೆಗೆ ಹಾಕಿ, ಮೊತ್ತ ಸರಿ ಬರಿಸಿ, ಮುಂದಿನ ಪುಟಕ್ಕೆ ಹೋಗುತ್ತೇವೆ. ನೆನಪೂ ಅದನ್ನೇ ಮಾಡುತ್ತದೆ ಎಂದು ನನಗೆ ಅನುಮಾನ. ಅದಕ್ಕೆ ಎಲ್ಲಿ ಖಾತ್ರಿಯಿಲ್ಲವೋ ಅಲ್ಲಿ ಹಾಗೆಂದೇ ಬರೆಯುತ್ತೇನೆ.

ಖಾತ್ರಿಯಿರುವುದು ಇಷ್ಟು. ನಾನು ಆ ಪುರಸಭೆಯಲ್ಲಿ ಲೆಕ್ಕ ನೋಡುತ್ತಿದ್ದೆ. ಊರಿಗೆ ನೀರು ಬಿಡುವವರಿಗೆ ತಿಂಗಳುಗಟ್ಟಲೆ ಪಗಾರ ಆಗಿರಲಿಲ್ಲ. ಅದು ಆಗಬೇಕೋ ಬೇಡವೋ ಎಂಬುದು ಸದಸ್ಯರ ಸಾಮಾನ್ಯ ಸಭೆಯ ಮುಂದೆ ಬಂದಿತ್ತು.

ಊರಿನ ಹೆಸರು ಬರೆಯುವುದಿಲ್ಲ. ಬೈಲಹೊಂಗಲದ ನನ್ನ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ದೂರ. ಹುಣ್ಣಿಮೆ ಬಂದರೆ ಸವದತ್ತಿ ಗುಡ್ಡಕ್ಕೆ ಹೊರಟವರಿಂದ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲ. ಮಲಪ್ರಭೆಯ ನೀರು ಊರ ಹೊರಗಿನ ದೊಡ್ಡ ಟಾಕಿಗೆ ಏರಿ, ಅಲ್ಲಿಂದ ಓಣಿ ಓಣಿಗೆ ಸರದಿಯ ಮೇಲೆ ಇಳಿಯುತ್ತಿತ್ತು. ಒಂದು ಓಣಿಗೆ ವಾರಕ್ಕೊಮ್ಮೆ ಬಂದರೆ ಪುಣ್ಯ. ರಸ್ತೆಯ ಕೆಳಗಿನ ಗುಂಡಿಯಲ್ಲಿರುವ ವಾಲ್ವನ್ನು ಉದ್ದನೆಯ ಕಬ್ಬಿಣದ ಚಾವಿಯಿಂದ ತಿರುಗಿಸಿ, ನೀರನ್ನು ಒಂದು ಓಣಿಯಿಂದ ಇನ್ನೊಂದಕ್ಕೆ ಹೊರಳಿಸುವುದು ನೀರು ಬಿಡುವವರ ಕೆಲಸ. ಅವರು ಪುರಸಭೆಯ ನೌಕರರಲ್ಲ, ಗುತ್ತಿಗೆದಾರನೊಬ್ಬ ಒದಗಿಸಿದ ಹೊರಗುತ್ತಿಗೆಯವರು. ಗುತ್ತಿಗೆದಾರ ಬಿಲ್ಲು ಕೊಡುತ್ತಾನೆ, ಪುರಸಭೆ ಅವನ ಖಾತೆಗೆ ಹಣ ಹಾಕುತ್ತದೆ, ಅವನು ಅವರಿಗೆ ಪಗಾರ ಹಾಕುತ್ತಾನೆ.

ನಮ್ಮಲ್ಲಿ ಮೊದಲ ಕೊಂಡಿಯೇ ಕಳಚಿತ್ತು. ಸರ್ಕಾರದ ಅನುದಾನ ಕಾಯಂ ನೌಕರರ ಸಂಬಳಕ್ಕೆ ಬರುತ್ತಿತ್ತು. ಇವರದು ಪುರಸಭೆಯ ಸ್ವಂತ ನಿಧಿಯಿಂದ ಹೋಗಬೇಕು. ಸ್ವಂತ ನಿಧಿ ಎಂದರೆ ನೀರಿನ ಕರ, ಮನೆ ಕರ, ಮಳಿಗೆಗಳ ಬಾಡಿಗೆ, ಸಂತೆಯ ಹರಾಜಿನಿಂದ ಬರುವ ಕಂತು. ಎಲ್ಲವೂ ಬಾಕಿ. ಬಂದಷ್ಟು ಪಂಪಿನ ಕರೆಂಟು ಬಿಲ್ಲಿಗೆ ಹೋಗಿಬಿಡುತ್ತಿತ್ತು. ಗುತ್ತಿಗೆದಾರನ ಬಿಲ್ಲುಗಳು ನನ್ನ ಮೇಜಿನ ಮೇಲೆ ಒಂದರ ಮೇಲೊಂದು ಕೂತಿದ್ದವು.

ನೀರು ಬಿಡುವವರಲ್ಲಿ ಹಿರಿಯರೊಬ್ಬರನ್ನು ಇಡೀ ಊರು ಚಾಚಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ, ಅವರು ನನ್ನನ್ನು ಮೇಡಂ ಎನ್ನುವ ಅರ್ಥದಲ್ಲಿ ಬಾಯಾರು ಎನ್ನುತ್ತಿದ್ದರು. ವಾರಕ್ಕೊಮ್ಮೆ ಅವರು ಲೆಕ್ಕದ ವಿಭಾಗದ ಬಾಗಿಲಿಗೆ ಬಂದು, ಚಾವಿಯನ್ನು ಗೋಡೆಗೆ ಆನಿಸಿ, ಒಳಗೆ ಬರದೆ ನಿಲ್ಲುತ್ತಿದ್ದರು.

"ಬಾಯಾರ, ಬಿಲ್ ಆತೇನ್ರಿ?"

"ಇನ್ನೂ ಇಲ್ಲ ಚಾಚಾ."

"ಇರ್ಲಿ ಬಿಡ್ರಿ. ಅದನ್ನ ಕೇಳಾಕ ಬಂದಿಲ್ಲ ನಾ. ಹಿಂಗ ಹೊಂಟಿದ್ನಿ, ಮಾತಾಡ್ಸಿ ಹೋಗೋಣ ಅಂತ ಬಂದ್ನಿ."

ಪ್ರತಿ ಸಲವೂ ಇದೇ ಮಾತು. ಒಂದು ಸಲ ಮಾತ್ರ ಇನ್ನಷ್ಟು ಹೇಳಿದರು. ಮಗಳು ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. "ಕಡೀ ವರ್ಷರೀ. ಫೀ ತುಂಬಿದ್ರನ ಹಾಲ್ ಟಿಕೆಟ್ ಕೊಡತಾರಂತ. ಉಗಾದಿ ಮುಗದ ಮ್ಯಾಲ ಪರೀಕ್ಷಾ. ಅಷ್ಟರಾಗ ಆದ್ರ ಛಲೋ ಆಗತಿತ್ತು." ಇದನ್ನು ಹೇಳುವಾಗ ಅವರು ನನ್ನನ್ನು ನೋಡದೆ ಕ್ಯಾಲೆಂಡರ್ ನೋಡುತ್ತಿದ್ದರು. ಈ ಕ್ಯಾಲೆಂಡರೂ ನಾನು ಸೇರಿಸಿದ್ದಿರಬಹುದು. ಮಾತಂತೂ ನಿಜ.

ಮೊದಲ ಸಭೆಯಲ್ಲಿ ಪಗಾರದ ವಿಷಯ ಕಾರ್ಯಸೂಚಿಯ ಕೊನೆಯಲ್ಲಿತ್ತು, "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಎಂಬ ಸಾಲಿನ ಕೆಳಗೆ. ಅಲ್ಲಿಗೆ ಬರುವಷ್ಟರಲ್ಲಿ ಅರ್ಧ ಸದಸ್ಯರು ಫೋನು ಹಿಡಿದು ಹೊರಗೆ ನಿಂತಿರುತ್ತಾರೆ. ಆ ದಿನ ಇನ್ನೂ ಕೆಲವರು ಒಳಗಿದ್ದರು. ಮುಖ್ಯಾಧಿಕಾರಿಗಳು ವಿಷಯ ಓದಿದರು. ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ ಇಟ್ಟಿದ್ದ, ಎಲ್ಲರೂ ಸಾವಕಾರ್ರು ಎಂದು ಕರೆಯುವ ಸದಸ್ಯರೊಬ್ಬರು ಕೂತಲ್ಲಿಂದಲೇ ಹೇಳಿದರು:

"ಸಾಹೇಬ್ರ, ಅವರಿಗೆ ಪಗಾರ ಯಾಕ ಬೇಕ್ರಿ? ಮನಿಮನಿಗೆ ರೊಕ್ಕಾ ಇಸ್ಕೊಂಡ ನಮಗಿಂತ ಆರಾಮ ಅದಾರ. ನಾಳಿಂದ ಅಡತಿ ಬಂದ್ ಮಾಡಿ ನಾನೂ ವಾಲ್ವ್ ತಿರವಾಕ ಬರತೇನಿ, ತಗೋರಿ."

"ಬಗ್ಗಾಕ ಬರಬೇಕಲ್ರೀ ಸಾವಕಾರ್ರ!" ಎಂದು ಹಿಂದಿನಿಂದ ಯಾರೋ ಕೂಗಿದರು. "ನಿಮ್ಮ ಹೊಟ್ಟಿ ಒಪ್ಪಬೇಕಲ್ಲ!"

ಎಲ್ಲರೂ ನಕ್ಕರು. ಸಾವಕಾರ್ರೇ ಎಲ್ಲರಿಗಿಂತ ಹೆಚ್ಚು ನಕ್ಕರು. ನಗು ನಿಂತ ಮೇಲೆ ಮುಖ್ಯಾಧಿಕಾರಿಗಳು ನನ್ನ ಕಡೆ ತಿರುಗಿದರು. "ಮೇಡಮ್ಮಾರ, ಅವರು ಎಷ್ಟ ಇಸ್ಕೋತಾರ ಅನ್ನೋದರ ಮ್ಯಾಲ ಒಂದ ಟಿಪ್ಪಣಿ ಹಾಕ್ರಿ. ಮುಂದಿನ ಸಭಾಕ್ಕ ಇಡೋಣ." ವಿಷಯ ಮುಂದೂಡಲ್ಪಟ್ಟಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಫೈಲು ಎತ್ತಿಕೊಂಡು ಹೊರಬಂದೆ.

ಅವರು ಮನೆಗಳಿಂದ ಹಣ ಪಡೆಯುತ್ತಾರೆ ಎಂಬುದು ಊರಲ್ಲಿ ಗುಟ್ಟಾಗಿರಲಿಲ್ಲ. ಎಷ್ಟು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ನಾನು ಚಾಚಾನನ್ನೇ ಕೇಳಿದೆ.

"ಇಸ್ಕೋತೇವ್ರಿ. ಸುಳ್ಳ ಯಾಕ ಹೇಳ್ಲಿ? ನಾಳಿ ಮುಂಜಾನಿ ಬರ್ರಿ, ನೀವ ನೋಡ್ರಿ. ಮುಚ್ಚಿಡೋದ ಏನೈತಿ ಇದರಾಗ."

ಮರುದಿನ ಮೊದಲ ಬಸ್ಸಿಗೆ ಬಂದು ಅವರ ಹಿಂದೆ ಓಣಿಗಳಲ್ಲಿ ನಡೆದೆ. ಕೈಯಲ್ಲಿ ವಹಿ ಹಿಡಿದಿದ್ದೆ, ಹೆಚ್ಚು ಬರೆಯಲಿಲ್ಲ. ಚಾಚಾ ಗುಂಡಿಯ ಮುಚ್ಚಳ ಸರಿಸಿ, ಚಾವಿ ಇಳಿಸಿ, ಎರಡೂ ಕೈಯಿಂದ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಮನೆಗಳ ಒಳಗಿನಿಂದ ನಳದ ಸದ್ದು, ಕೊಡಗಳ ಸದ್ದು. ಮೇಲಿನ ಓಣಿಯಲ್ಲಿ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದರು.

"ಚಾಚಾ, ಹೋದ ಸಲ ನಮ್ಮ ನಳಾ ಬರೇ ಉಸರ ಬಿಟ್ಟತಿ ನೋಡ. ನೀರ ಹನಿ ಇಲ್ಲ."

"ನಿಮ್ಮ ನಳಕ್ಕ ದಮ್ಮ ಹತ್ತೈತಿ ಬೇ. ಡಾಕ್ಟರಗೆ ತೋರಸ್ರಿ."

"ತೋರಸಾಕ ನಿನ್ನ ಕರದದ್ದು," ಎಂದು ಅವರು ಮಡಿಸಿದ ನೋಟು ಕೊಟ್ಟರು. ಆಮೇಲೆ ನನ್ನನ್ನು ನೋಡಿ, "ಇವರ್ಯಾರ?"

"ನಮ್ಮ ಆಫೀಸಿನ ಬಾಯಾರ."

"ಹಂಗಾರ ಇವರಿಗೂ ಕೊಡಬೇಕೇನ?"

ನಾನು ಬೇಡವೆಂದೆ. ಕಚೇರಿಯವಳು ಎಂದು ತಿಳಿದ ಮೇಲೂ ಆ ಓಣಿಯ ಯಾರೂ ನೋಟನ್ನು ಅಡಗಿಸಲಿಲ್ಲ. ಇದು ಲಂಚ ಎಂದು ಅವರಿಗೆ ಅನ್ನಿಸಿರಲೇ ಇಲ್ಲ. ಅದಕ್ಕೊಂದು ಹೆಸರೂ ಇತ್ತು, ಚಾದ ಪಟ್ಟಿ, ಅಂದರೆ ಚಹಾಕ್ಕೆಂದು ಎತ್ತುವ ವಂತಿಗೆ. ಮುಂದಿನ ಓಣಿಯಲ್ಲಿ ಹೆಂಗಸರ ಉಳಿತಾಯ ಸಂಘದವರು ಅದನ್ನು ಮನೆಮನೆಯಿಂದ ಕೂಡಿಸಿ, ತಿಂಗಳಿಗೊಮ್ಮೆ ಒಟ್ಟಿಗೆ ಕೊಡುತ್ತಿದ್ದರು. ಪುರಸಭೆಯ ನೀರಿನ ಕರ ಕಟ್ಟುತ್ತೀರಾ ಎಂದು ಕೇಳಿದೆ. ಸಂಘದ ಹಿರಿಯಾಕೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು.

"ಪುರಸಭೆಗ್ಯಾಕ ಕೊಡೋದ್ರಿ? ಪುರಸಭೆ ಬಂದ ನೀರ ಬಿಡತೈತೇನ? ಬಿಡಾಂವ ಚಾಚಾ. ಅವಗ ಕೊಡತೇವಿ. ಎರಡೆರಡ ಕಡೆ ಕೊಡಾಕ ನಮ್ಮನ್ಯಾಗ ಗಿಡ ಐತೇನ ರೊಕ್ಕದ್ದು?"

ಕೆಳಗಿನ ಓಣಿಗಳಲ್ಲಿ ಯಾರೂ ಏನೂ ಕೊಡಲಿಲ್ಲ. ಅಲ್ಲಿ ನೀರು ತೆಳ್ಳಗೆ ಬರುತ್ತಿತ್ತು, ಬೇಗ ನಿಲ್ಲುತ್ತಿತ್ತು. ಚಾಚಾ ಅದನ್ನೂ ಮುಚ್ಚಿಡಲಿಲ್ಲ. "ಮ್ಯಾಲಿನ ಓಣ್ಯಾಗ ಜರಾ ಹೆಚ್ಚಗೆ ಬಿಡತೇನ್ರಿ. ಇಸ್ಕೊಂಡೇನಲ್ಲ. ಇವರದು ಅದರಾಗ ಕಡಿಮಿ ಆಗತೈತಿ." ಅವರ ದನಿಯಲ್ಲಿ ನಾಚಿಕೆ ಇತ್ತು ಎಂದು ಬರೆಯಬಹುದು. ಇರಲಿಲ್ಲ ಎಂದೂ ಬರೆಯಬಹುದು. ನಾನು ಆಗ ಗುಂಡಿಯೊಳಗೆ ನೋಡುತ್ತಿದ್ದೆ.

ಬಸ್ಸಿನಲ್ಲಿ ಮನೆಗೆ ವಾಪಸ್ಸಾಗುವಾಗ ಲೆಕ್ಕ ಹಾಕಿದೆ. ಚಾದ ಪಟ್ಟಿಯನ್ನು ಎಲ್ಲರಿಗೂ ಹಂಚಿದರೆ ಒಬ್ಬೊಬ್ಬರಿಗೆ ಪಗಾರದ ಅರ್ಧದ ಆಸುಪಾಸು ಬರುತ್ತಿತ್ತು. ಅಂದರೆ ಸಾವಕಾರ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು. ಪುರಸಭೆ ಪಗಾರ ಕೊಡುವುದಿಲ್ಲ, ಅದಕ್ಕೆ ಅವರು ಮನೆಗಳಿಂದ ಪಡೆಯುತ್ತಾರೆ. ಅವರಿಗೆ ಕೊಟ್ಟವರು ಪುರಸಭೆಗೆ ಕರ ಕಟ್ಟುವುದಿಲ್ಲ. ಕರ ಬರದ್ದರಿಂದ ಪುರಸಭೆಯಲ್ಲಿ ಪಗಾರಕ್ಕೆ ಹಣವಿಲ್ಲ. ಗಾಣದ ಸುತ್ತಿನ ಹಾಗೆ ಇದು ಎಷ್ಟು ಕಾಲದಿಂದ ತಿರುಗುತ್ತಿತ್ತೋ.

ಮುಖ್ಯಾಧಿಕಾರಿಗಳು ಕೇಳಿದ್ದು ಒಂದೇ ಸಾಲು: ಅವರು ಎಷ್ಟು ಪಡೆಯುತ್ತಾರೆ. ಆ ಒಂದು ಸಾಲನ್ನಷ್ಟೇ ಬರೆದುಕೊಟ್ಟರೆ ಪಗಾರದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಏನೂ ಪಡೆಯುವುದಿಲ್ಲ ಎಂದು ಬರೆಯಲು ನನಗಾಗುತ್ತಿರಲಿಲ್ಲ, ಊರಿಗೆಲ್ಲ ಗೊತ್ತಿದ್ದ ಸಂಗತಿ. ಎರಡು ದಿನ ಫೈಲು ತೆರೆಯಲಿಲ್ಲ. ಮೂರನೆಯ ದಿನ ತಲೆಬರಹವನ್ನೇ ಬದಲಿಸಿದೆ. "ನೀರು ಬಿಡುವವರು ಪಡೆಯುತ್ತಿರುವ ಹಣ" ಎಂಬುದನ್ನು ಹೊಡೆದು, "ನೀರಿಗಾಗಿ ಸಾರ್ವಜನಿಕರು ನೀಡುತ್ತಿರುವ, ಪುರಸಭೆಗೆ ಜಮಾ ಆಗದಿರುವ ಹಣ" ಎಂದು ಬರೆದೆ. ಅಂಕಿಗಳು ಅವೇ. ಆದರೆ ನೀರು ಬಿಡುವವರ ಗಳಿಕೆಯಾಗಿದ್ದದ್ದು ಈಗ ಪುರಸಭೆಗೆ ತಪ್ಪಿಹೋದ ಆದಾಯವಾಯಿತು.

ಕೆಳಗೆ ಮೂರು ಶಿಫಾರಸು ಹಾಕಿದೆ. ಒಂದು, ಸಂತೆಯ ಹರಾಜಿನಿಂದ ಬರಲಿರುವ ಕಂತಿನಿಂದ ಬಾಕಿ ಪಗಾರ ಕೊಡುವುದು. ಎರಡು, ಪಗಾರ ಕೈಗೆ ಬಂದ ಮೇಲೆ ಚಾದ ಪಟ್ಟಿ ನಿಲ್ಲಿಸುವುದು. ಮೂರು, ಜನ ಹೇಗೂ ಕೊಡುತ್ತಿರುವ ಹಣ ಸರಿಯಾದ ದಾರಿಯಲ್ಲಿ ಬರುವಂತೆ ನೀರಿನ ಕರವನ್ನು ಸ್ವಲ್ಪ ಏರಿಸಿ, ಮುಂದಿನ ಪಗಾರವನ್ನು ಅದರಿಂದ ಕೊಡುವುದು. ಕರ ಏರಿಸಿ ಎಂದು ಮೇಲಿನ ಕಚೇರಿ ವರ್ಷಗಳಿಂದ ಬರೆಯುತ್ತಿತ್ತು, ಸಭೆ ವರ್ಷಗಳಿಂದ ಮುಂದೂಡುತ್ತಿತ್ತು.

ಮುಖ್ಯಾಧಿಕಾರಿಗಳು ಓದಿ ಕನ್ನಡಕ ತೆಗೆದರು. "ಮೇಡಮ್ಮಾರ, ನಾ ಕೇಳಿದ್ದ ಒಂದ, ನೀವ ಬರದದ್ದ ಇನ್ನೊಂದ."

"ಎರಡೂ ಇದರಾಗ ಅದಾವ್ರಿ ಸರ್."

ಮತ್ತೊಮ್ಮೆ ಓದಿದರು. "ಛಲೋ ಐತಿ. ಇಡ್ರಿ. ಈ ಸಲ ಮೊದಲನೇ ವಿಷಯಾನ ಮಾಡ್ರಿ, ಎಲ್ಲಾರೂ ಇರ್ತಾರ."

ಆ ಸಂಜೆ ಬಸ್ಸಿನಲ್ಲಿ ಕೂತಾಗ ನನಗೆ ಸಂತೋಷವಾಗಿತ್ತು. ಆ ಇಡೀ ಅವಧಿಯಲ್ಲಿ ನನಗೆ ಏನಾದರೂ ಅನ್ನಿಸಿದ್ದು ಆಗ ಮಾತ್ರ ಎಂದು ತೋರುತ್ತದೆ. ಅಥವಾ ಮುಂದಿನದಕ್ಕೆ ಹೋಲಿಸಿ ಅದು ಸಂತೋಷದಂತೆ ಕಾಣುತ್ತಿರಬಹುದು.

ಎರಡನೆಯ ಸಭೆ, ಕಿಟಕಿಗಳ ಬಗ್ಗೆ ನನಗೆ ಖಾತ್ರಿಯಿಲ್ಲದ ಸಭೆ. ಹಿಂದಿನ ಸಭೆಯ ನಡಾವಳಿ ಓದಿ ದೃಢಪಡಿಸಲಾಯಿತು. ತಿಂಗಳ ಜಮಾ ಖರ್ಚಿಗೆ ಮಂಜೂರಾತಿ ಸಿಕ್ಕಿತು. ಆಮೇಲೆ ಮುಖ್ಯಾಧಿಕಾರಿಗಳು ನನ್ನ ಟಿಪ್ಪಣಿ ಓದತೊಡಗಿದರು. ಎಲ್ಲರೂ ಒಳಗಿದ್ದರು. ಸದಸ್ಯೆಯರ ಗಂಡಂದಿರು ಎಂದಿನಂತೆ ಗೋಡೆಗಂಟಿದ ಕುರ್ಚಿಗಳಲ್ಲಿ ಕೂತಿದ್ದರು. ಸಾವಕಾರ್ರು ಈ ಸಲ ನಗಲಿಲ್ಲ. ಪ್ರತಿಯನ್ನು ಇಸಿದುಕೊಂಡು, ಬೆರಳಿಟ್ಟು ಓದಿದರು.

"ಇಲ್ಲೇ ಬರದೈತಲ್ರೀ," ಎಂದರು. "ಜನಾ ಕೊಡಾಕ ತಯಾರ ಅದಾರ. ಇಷ್ಟ ದಿನಾ ನಾವ ಹೆದರಕೊಂಡ ಕುಂತಿದ್ವಿ. ಹಂಗಾರ ಮೊದಲ ಕರಾ ಏರಸ್ರಿ."

"ಚುನಾವಣಿ ಬರಾಕ ಹತ್ತೈತ್ರೀ ಸಾವಕಾರ್ರ," ಎಂದಿತು ಒಂದು ದನಿ.

"ಅದಕ್ಕ ಹೇಳತೇನಿ. ಈಗ ಏರಿಸಿದ್ರ ಅಷ್ಟರಾಗ ಮರೀತಾರ. ಇನ್ನ ಈ ಮನಿಮನಿ ವಸೂಲಿ, ಇದು ಇವತ್ತಿಂದ ಬಂದ್ ಆಗಬೇಕು. ಯಾವಂವ ಇಸ್ಕೋತಾನ, ಅವನ್ನ ತಗದ ಹಾಕ್ರಿ. ನಮ್ಮ ಜನರ ರೊಕ್ಕಾ ಅದು."

ಆಗ ಮುಖ್ಯಾಧಿಕಾರಿಗಳು ಮೊದಲ ಶಿಫಾರಸನ್ನು, ಅಂದರೆ ಸಂತೆಯ ಕಂತಿನಿಂದ ಬಾಕಿ ಪಗಾರ ಕೊಡುವುದನ್ನು ನೆನಪಿಸಿದರು. ಆ ಕಂತು ಬೇರೆ ಕಡೆಗೆ ಹೊರಟಿತ್ತು. ಬಸ್‌ ಸ್ಟ್ಯಾಂಡಿನ ಮುಂದಿನ ಸರ್ಕಲ್ಲಿನಲ್ಲಿ ಎತ್ತರದ ಕಂಬದ ದೀಪ ಹಾಕಿಸುವ ಮಾತನ್ನು ಯಾರೋ ಯಾರಿಗೋ ಕೊಟ್ಟಿದ್ದರು. "ಪಗಾರ ಎಲ್ಲಿ ಓಡಿ ಹೊಕ್ಕೈತ್ರಿ? ಕರಾ ವಸೂಲಿ ಆಗ್ಲಿ, ಅದರಾಗ ಕೊಡೋಣ" ಎಂದರು ಸಾವಕಾರ್ರು. ಅಷ್ಟರಲ್ಲಿ ಬಾಗಿಲಲ್ಲಿ ಮಿರ್ಚಿ ಮತ್ತು ಚುರುಮುರಿಯ ತಟ್ಟೆಗಳು ಬಂದವು. "ಪಾಸ್, ಪಾಸ್" ಎಂದು ಮೇಜು ತಟ್ಟುವ ಸದ್ದಾಯಿತು.

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ, ಅಲ್ಲಿಯವರೆಗೂ ಮಾತಾಡದ ಅಧ್ಯಕ್ಷೆ ನನ್ನ ಕಡೆ ಬಾಗಿ, "ಅಂದ್ರ ಅವರಿಗೆ ಈ ತಿಂಗಳ ಊಟಕ್ಕ?" ಎಂದು ಕೇಳುತ್ತಾರೆ. ನಾನು ಉತ್ತರಿಸುವ ಮೊದಲೇ ತಟ್ಟೆ ನಮ್ಮಿಬ್ಬರ ನಡುವೆ ಬರುತ್ತದೆ. ಇನ್ನೊಂದರಲ್ಲಿ ಅವರು ಏನೂ ಕೇಳುವುದಿಲ್ಲ, ಮಿರ್ಚಿಯ ಎಣ್ಣೆಯನ್ನು ಕಾರ್ಯಸೂಚಿಯ ಕಾಗದಕ್ಕೆ ಒರೆಸುತ್ತಾರೆ. ಮೊದಲನೆಯದು ಆಗಿರಲಿ ಎಂದು ನನಗೆ ಆಸೆ. ಆಸೆ ಇರುವುದರಿಂದಲೇ ಅದನ್ನು ನಂಬುವುದಿಲ್ಲ.

ನಡಾವಳಿ ಬರೆಯುವ ಗುಮಾಸ್ತರು ಮರುದಿನ ಬರೆದದ್ದು ಹೀಗೆ: ಸದರಿ ವಿಷಯವನ್ನು ಸುದೀರ್ಘವಾಗಿ ಚರ್ಚಿಸಿ, ನೀರಿನ ಕರವನ್ನು ಪರಿಷ್ಕರಿಸಲು, ಅನಧಿಕೃತವಾಗಿ ವಸೂಲಿ ಮಾಡುವ ಹೊರಗುತ್ತಿಗೆ ಸಿಬ್ಬಂದಿಯನ್ನು ಕೆಲಸದಿಂದ ಬಿಡುಗಡೆಗೊಳಿಸಲು, ಹಾಗೂ ಬಾಕಿ ವೇತನವನ್ನು ಪರಿಷ್ಕೃತ ಕರ ವಸೂಲಿಯಾದ ನಂತರ ಪಾವತಿಸಲು ಸರ್ವಾನುಮತದಿಂದ ಠರಾಯಿಸಲಾಯಿತು. ನನ್ನ ಮೂರು ಶಿಫಾರಸುಗಳೂ ಅದರಲ್ಲಿದ್ದವು. ಕ್ರಮ ಮಾತ್ರ ತಲೆಕೆಳಗಾಗಿತ್ತು. ಮೊದಲು ಪಗಾರ, ಆಮೇಲೆ ಪಟ್ಟಿ ಬಂದ್ ಎಂದು ನಾನು ಬರೆದಿದ್ದೆ. ಈಗ ಮೊದಲು ಪಟ್ಟಿ ಬಂದ್, ಪಗಾರ ಯಾವಾಗಲೋ. ಇದುವರೆಗೆ ಅವರಿಗೆ ಪಟ್ಟಿಯಿಂದ ಪಗಾರದ ಅರ್ಧವಾದರೂ ಸಿಗುತ್ತಿತ್ತು, ಇನ್ನು ಅದೂ ಇಲ್ಲ.

ಮನೆಗಳಿಂದ ಹಣ ಪಡೆದರೆ ಕೆಲಸದಿಂದ ತೆಗೆಯುವುದಾಗಿ ನೀರು ಬಿಡುವವರೆಲ್ಲರಿಗೂ ನೋಟಿಸು ಕೊಟ್ಟು ಸಹಿ ಪಡೆಯಬೇಕಿತ್ತು. ಚಾಚಾ ಲೆಕ್ಕದ ವಿಭಾಗದ ಬಾಗಿಲಲ್ಲೇ ನಿಂತು ಅದನ್ನು ಓದಿದರು. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಬಾಯಾರ, ಇದರಾಗ ಪಗಾರದ ಸುದ್ದಿ ಎಲ್ಲೈತ್ರಿ?"

"ಕರಾ ವಸೂಲಿ ಆದ ಮ್ಯಾಲ ಕೊಡತಾರ ಚಾಚಾ."

"ವಸೂಲಿಗೆ ಯಾರ ಹೊಕ್ಕಾರ?"

"ಬಿಲ್ ಕಲೆಕ್ಟರ್."

ಅವರು ಸ್ವಲ್ಪ ನಕ್ಕರು. "ಅವಗ ಯಾರ ಕೊಡತಾರ್ರಿ ಈ ಊರಾಗ? ನಾಯಿ ಬಿಡತಾರ ಅವನ ಮ್ಯಾಲ." ಸಹಿ ಹಾಕಿದರು. ಉಗಾದಿ ಹತ್ತಿರದಲ್ಲಿತ್ತು.

ಅವರು ಹೇಳಿದಂತೆಯೇ ಆಯಿತು. ಮೇಲಿನ ಓಣಿಯ ಸಂಘದವರು ಬಿಲ್ ಕಲೆಕ್ಟರನಿಗೆ, "ಚಾಚಾನ ಕಳಸ್ರಿ, ಕೊಡತೇವಿ. ನೀ ಯಾರಪಾ?" ಎಂದು ಹೇಳಿ ಕಳಿಸಿದ್ದರು. ಇದನ್ನು ಕೇಳಿ ನನಗೆ ಇನ್ನೊಂದು ದಾರಿ ಹೊಳೆಯಿತು. ಚಾಚಾನ ಕೈಗೇ ಪುರಸಭೆಯ ರಸೀದಿ ಪುಸ್ತಕ ಕೊಟ್ಟರೆ? ಜನ ಅವರಿಗೆ ಕೊಡುತ್ತಾರೆ, ಅವರು ರಸೀದಿ ಹರಿದುಕೊಡುತ್ತಾರೆ, ಹಣ ಸಂಜೆ ಕೌಂಟರಿಗೆ ಬರುತ್ತದೆ, ಅದೇ ಹಣದಿಂದ ಪಗಾರ. ಮುಖ್ಯಾಧಿಕಾರಿಗಳು ಬಾಯಿಮಾತಿಗೆ ಒಪ್ಪಿದರು. ಲಿಖಿತವಾಗಿ ಇಟ್ಟಾಗ ಒಪ್ಪಲಿಲ್ಲ. ಹೊರಗುತ್ತಿಗೆಯವರ ಕೈಗೆ ನಗದು ಕೊಡುವಂತಿಲ್ಲ, ಕಡಿಮೆ ಬಿದ್ದರೆ ಹೊಣೆ ಯಾರು? ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಅವರು ಹೇಳಿದ್ದು ಸರಿ. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಫೈಲು ವಾಪಸು ಬಂತು, ಕಪಾಟಿನಲ್ಲಿಟ್ಟೆ.

ಒಂದು ಸೋಮವಾರ ಕಚೇರಿಗೆ ಬಂದಾಗ ಬಾಗಿಲ ಬಳಿ ಕಬ್ಬಿಣದ ಚಾವಿ ಗೋಡೆಗೆ ಆನಿಸಿತ್ತು. ಚಾಚಾ ಇರಲಿಲ್ಲ. ಸಂಜೆಯವರೆಗೂ ಬರಲಿಲ್ಲ. ಕೆಲಸ ಬಿಟ್ಟು ಹೋಗಿದ್ದಾರೆ ಎಂದು ಆಮೇಲೆ ತಿಳಿಯಿತು. ಆ ವಾರ ಮೇಲಿನ ಓಣಿಗೂ ಕೆಳಗಿನ ಓಣಿಗೂ ನೀರಿನ ಸರದಿ ತಪ್ಪಿತು. ಹೆಂಗಸರು ಕೊಡ ಹಿಡಿದು ಕಚೇರಿಗೆ ಬಂದರು. ಸಾವಕಾರ್ರು ತಮ್ಮ ಕಡೆಯ ಒಬ್ಬನನ್ನು ಕಳಿಸಿದರು, ಅವನ ಹೆಸರು ಗುತ್ತಿಗೆದಾರನ ಪಟ್ಟಿಗೆ ಸೇರಿತು. ಅವನು ಚಾವಿ ಎತ್ತಿಕೊಂಡು ಹೋದ.

ಉಗಾದಿ ಬಂದು ಹೋಯಿತು.

ಕರ ನಿಧಾನವಾಗಿ ಬರತೊಡಗಿತು. ಯಾಕೆ ಎಂದು ಹೇಳಲಾರೆ. ನಳ ಕಡಿಯುವುದಾಗಿ ಆಟೋದಲ್ಲಿ ಕೂಗಿಸಿದ್ದು ಕಾರಣವಿರಬಹುದು, ಹೊಸಬನಿಗೆ ಕೊಡಲು ಯಾರಿಗೂ ಮನಸ್ಸು ಬಾರದ್ದೂ ಇರಬಹುದು. ಮಳೆಗಾಲ ಕಳೆದು ಜೋಳ ಬಿತ್ತುವ ಹೊತ್ತಿಗೆ ನೀರಿನ ಕರದ ಖಾತೆಯಲ್ಲಿ ಬಾಕಿ ಪಗಾರಕ್ಕೆ ಸಾಲುವಷ್ಟು ಹಣ ಕೂಡಿತ್ತು. ಲೆಕ್ಕದ ಮಟ್ಟಿಗೆ ನನ್ನ ಟಿಪ್ಪಣಿ ಸರಿಯಾಗಿತ್ತು. ಇದನ್ನು ಹೆಮ್ಮೆಯಿಂದ ಬರೆಯುತ್ತಿಲ್ಲ, ಬೇಸರದಿಂದಲೂ ಅಲ್ಲ. ಹಾಗೆ ಆಯಿತು, ಅಷ್ಟೆ.

ಗುತ್ತಿಗೆದಾರನ ಹಳೆಯ ಬಿಲ್ಲುಗಳನ್ನು ಒಂದೊಂದಾಗಿ ತೆಗೆದೆ. ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡಿದೆ. ತೆರಿಗೆ ಕಡಿತ ಮಾಡಿದೆ, ಭವಿಷ್ಯನಿಧಿ ತುಂಬಿದ ಚಲನ್ ಇದೆಯೇ ನೋಡಿದೆ, ಅವನ ಸೇವಾ ಶುಲ್ಕ ಬೇರೆ ಮಾಡಿದೆ. ಹಾಜರಿ ಪಟ್ಟಿಗಳಲ್ಲಿ ಚಾಚಾನ ಹೆಸರು ಮೊದಲ ಸಾಲಿನಲ್ಲಿತ್ತು. ನಾನೆಂದೂ ಕರೆಯದ ಆ ಹೆಸರು ಬೇರೆ ಯಾರದ್ದೋ ಎಂಬಂತೆ ಕಂಡಿತು. ಮುಖ್ಯಾಧಿಕಾರಿಗಳು ಸಹಿ ಹಾಕಿದರು. ಪೂರ್ತಿ ಮೊತ್ತ ಗುತ್ತಿಗೆದಾರನ ಖಾತೆಗೆ ಜಮಾ ಆಯಿತು.

ಅವನು ಅದನ್ನು ಕೆಲಸಗಾರರ ಖಾತೆಗಳಿಗೆ ಹಾಕಿ, ಬ್ಯಾಂಕಿನ ಮೊಹರಿರುವ ಪಟ್ಟಿಯನ್ನು ಮುಂದಿನ ಬಿಲ್ಲಿನ ಜೊತೆ ತಂದುಕೊಡಬೇಕು. ಅದನ್ನು ನೋಡಿದ ಮೇಲೆಯೇ ಮುಂದಿನದನ್ನು ಪಾಸು ಮಾಡಬೇಕು. ಆ ಮುಂದಿನ ಬಿಲ್ಲು ಬರುವ ಮೊದಲೇ ನನಗೆ ಧಾರವಾಡದ ಕಡೆ ವರ್ಗವಾಯಿತು. ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ಅದನ್ನೂ ಒಂದು ಸಾಲಾಗಿ ಬರೆದು, ನನ್ನ ಜಾಗಕ್ಕೆ ಬಂದವರಿಗೆ ತೋರಿಸಿದೆ. ಅವರು ತಲೆಯಾಡಿಸಿದರು.

ಈಗ ದಿನಾ ಕಿತ್ತೂರಿನ ಮೇಲೆ ಓಡಾಡುತ್ತೇನೆ. ಒಂದು ದಿನ ಬಸ್ಸು ಹೈವೇ ಪಕ್ಕದ ಖಾನಾವಳಿಯ ಮುಂದೆ ಕೆಟ್ಟು ನಿಂತಿತು. ಎಲ್ಲರೂ ಇಳಿದೆವು. ಖಾನಾವಳಿಯ ಹಿಂದೆ ಟ್ಯಾಂಕರಿನಿಂದ ಪೈಪು ಎಳೆದು ತೊಟ್ಟಿಗೆ ನೀರು ಹಿಡಿಯುತ್ತಿದ್ದವರು ತಿರುಗಿ ನೋಡಿದರು. ಚಾಚಾ. ಗಡ್ಡ ಹೆಚ್ಚು ಬೆಳ್ಳಗಾಗಿತ್ತು.

"ಬಾಯಾರ! ಇಲ್ಲೆಲ್ಲಿ? ಬರ್ರಿ, ಕುಂದರ್ರಿ. ಚಾ ತಗೋರಿ."

"ಬಸ್ ಕೆಟ್ಟೈತಿ ಚಾಚಾ. ಆರಾಮ ಅದೀರೇನ?"

"ಅದೇನಿ ನೋಡ್ರಿ. ಇಲ್ಲೆ ಕೆಲಸಕ್ಕ ಹತ್ತೇನಿ. ಮ್ಯಾಲಿನ ಓಣಿ, ಕೆಳಗಿನ ಓಣಿ ಅಂತ ಇಲ್ಲ ಇಲ್ಲೆ. ಒಂದ ತೊಟ್ಟಿ, ಒಂದ ಪೈಪ."

ಚಹಾ ಬಂತು. ನಾನು ದುಡ್ಡು ತೆಗೆದರೆ ಅವರು ಬಿಡಲಿಲ್ಲ. "ನಮ್ಮೂರ ಪುರಸಭೆ ಬಾಯಾರು" ಎಂದು ಕೌಂಟರಿನವನಿಗೆ ಹೇಳಿದರು. ನನ್ನ ಹೊಸ ಕಚೇರಿ ಹೇಗಿದೆ ಎಂದು ಕೇಳಿದರು, ಹೇಳಿದೆ. ಊರಲ್ಲಿ ಈಗ ಯಾರು ನೀರು ಬಿಡುತ್ತಾರೆ ಎಂದು ಕೇಳಿದರು. ನನಗೆ ತಿಳಿಯದು ಎಂದೆ.

"ಮಗಳು?" ಎಂದೆ.

"ಆರಾಮ ಅದಾಳ್ರಿ."

ಕಂಡಕ್ಟರ್ ಸೀಟಿ ಊದಿದ. ನಾನು ಎದ್ದೆ. ಹೋಗಿ ಬರ್ರಿ ಎಂದರು. ಬಸ್ಸು ಹೊರಟ ಮೇಲೆ ಅವರು ಪೈಪನ್ನು ಇನ್ನೊಂದು ತೊಟ್ಟಿಗೆ ಬದಲಾಯಿಸುತ್ತಿದ್ದರು, ಅಥವಾ ಹಾಗೆ ನನಗೆ ಕಂಡಿತು.

ಪಗಾರ ಬಂತೇ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಬಂದಿದ್ದರಿಂದ ಹೇಳಲಿಲ್ಲವೋ, ಬರದ್ದರಿಂದ ಹೇಳಲಿಲ್ಲವೋ? ಮಗಳು ಆರಾಮ ಎಂದರೆ ಆಕೆ ಪರೀಕ್ಷೆಗೆ ಕೂತಳು ಎಂದೇ, ಇಲ್ಲವೇ? ಹಣ ಪುರಸಭೆಯ ಖಾತೆಯಿಂದ ಹೋದದ್ದನ್ನು ನಾನು ನೋಡಿದ್ದೇನೆ. ಅವರ ಖಾತೆಗೆ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ.